ಮೈಮುನಕ್ಕನ ಬಿಸಲೆಯೂ ಎಟ್ರುಸ್ಕನ್ ಹೂಜಿಯೂ

ನಮ್ಮ ಮನೆಯಲ್ಲಿ ಒಬ್ಬ ಪದ್ಮನಾಭ ಇದ್ದ. ಯಾರ ಪೈಕಿ, ಯಾವ ಊರಿನವನು ಎಂದು ಯಾರಿಗೂ ಗೊತ್ತಿರಲಿಲ್ಲ. ಗಾಬರಿಯಾಗಬೇಡಿ, ಅವನೊಂದು ಸ್ಟೀಲಿನ ಚೊಂಬು. ನನ್ನ ಬಾಲ್ಯದಲ್ಲಿ ಪಾತ್ರೆ ಅಂಗಡಿಯವನು ಪಾತ್ರೆ ಕೊಂಡ ಕೂಡಲೇ "ಹೆಸರು ಹಾಕ್ಬೇಕಾ?" ಎಂದು ಕೇಳಿ, ಕರ್ರೆಂದು ಸದ್ದು ಮಾಡುವ ಸಣ್ಣ ಯಂತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುತ್ತಿದ್ದ. ಯಾವುದೋ ಮದುವೆಯ ಗಡಿಬಿಡಿಯಲ್ಲಿ ನಮ್ಮ ಚೊಂಬು ಇನ್ಯಾರದೋ ಮನೆ ಸೇರಿ, ಅವರ ಚೊಂಬು ನಮ್ಮ ಚೀಲದಲ್ಲಿ ಬಂತು. ಅದರ ಕಂಠದಲ್ಲಿ ‘ಕೆ. ಪದ್ಮನಾಭ’ ಎಂದಿತ್ತು. ಅಂದಿನಿಂದ "ಪದ್ಮನಾಭನಲ್ಲಿ ನೀರು ತುಂಬಿಸಿಡು", "ಪದ್ಮನಾಭ ಎಲ್ಲಿ, ಬಚ್ಚಲಲ್ಲಿ ಬಿದ್ದಿದ್ದಾನಾ ನೋಡು" ಎಂಬ ಮಾತುಗಳು ನಮ್ಮಲ್ಲಿ ಮಾಮೂಲಾದವು. ಒಮ್ಮೆ ಅದೇ ಹೆಸರಿನ ವಿಮೆ ಏಜೆಂಟರೊಬ್ಬರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಒಳಗಿನಿಂದ ಅಜ್ಜಿ, "ಆ ಪದ್ಮನಾಭನಿಗೆ ಬೂದಿ ಹಾಕಿ ಸಮಾ ತಿಕ್ಕಿ ಬಿಸಿಲಿಗೆ ಕವುಚಿ ಹಾಕು" ಎಂದು ಕೂಗಿದರು. ಏಜೆಂಟರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ನಮ್ಮ ಅಪ್ಪ ಕೊನೆಯವರೆಗೂ ವಿಮೆ ಮಾಡಿಸದೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ಈ ಪದ್ಮನಾಭ ಈಗ ಯಾಕೆ ನೆನಪಾದ ಎಂದರೆ, ಇತ್ತೀಚೆಗೆ ಇಲ್ಲಿ ಅಬುಧಾಬಿಯ ಸಾದಿಯಾತ್ ದ್ವೀಪದ ಮ್ಯೂಸಿಯಮ್ಮಿನಲ್ಲಿ ಅವನ ಪೂರ್ವಜನೊಬ್ಬನನ್ನು ನೋಡಿದೆ. ಎರಡು ಕಿವಿಯ, ಮೈಯೆಲ್ಲ ಕಪ್ಪಾದ ಮಣ್ಣಿನ ಬಟ್ಟಲು. ಅದರ ಮೇಲೆ ಯಾರೋ ಮೊಳೆಯಿಂದ ಗೀಚಿದಂತೆ ಅಕ್ಷರಗಳು. ಕ್ರಿಸ್ತ ಹುಟ್ಟುವುದಕ್ಕೂ ನೂರಾರು ವರ್ಷ ಮೊದಲು ಇಟಲಿಯಲ್ಲಿ ಬದುಕಿದ್ದ ಎಟ್ರುಸ್ಕನ್ನರು ತಮ್ಮ ಪಾತ್ರೆಗಳಿಗೆ ಹೆಸರು ಹಾಕಿಸುತ್ತಿದ್ದರಂತೆ. ಅದರಲ್ಲಿ ಅವರು ನಮಗಿಂತ ಜೋರು. ಬರೀ ಹೆಸರು ಹಾಕಿಸಿ ಬಿಡುತ್ತಿರಲಿಲ್ಲ. ಪಾತ್ರೆಯೇ ಬಾಯಿಬಿಟ್ಟು ಹೇಳುವ ಹಾಗೆ "ನಾನು ಇಂಥವರದ್ದು" ಎಂದೋ, "ನನ್ನನ್ನು ಇಂಥವರು ಕೊಟ್ಟರು" ಎಂದೋ ಬರೆಸುತ್ತಿದ್ದರು. ಆ ಅಕ್ಷರಗಳನ್ನೂ ಅವರು ಗ್ರೀಕರಿಂದಲೇ ಕಲಿತದ್ದು ಎಂದು ಪಕ್ಕದ ಫಲಕ ಹೇಳುತ್ತಿತ್ತು.

ನಾನು ಆ ಬಟ್ಟಲಿನ ಮುಂದೆ ಬಹಳ ಹೊತ್ತು ನಿಂತೆ. ನೋಡಿದವರು ನನ್ನನ್ನು ಘನ ವಿದ್ವಾಂಸಳೆಂದು ತಿಳಿದಿರಬೇಕು. ನಿಜ ಹೇಳುವುದಾದರೆ, ನನ್ನ ತಲೆಯಲ್ಲಿ ಆಗ ಇದ್ದದ್ದು ನಮ್ಮ ಅಡಿಗೆಮನೆಯ ಒಂದು ಬಿಸಲೆ. ಅದಕ್ಕೆ ಯಾರ ಹೆಸರೂ ಇಲ್ಲ. ಅದು ಇನ್ನು ಮುಂದೆ ಯಾರ ಮನೆಯಲ್ಲಿ ಇರಬೇಕು ಎಂಬ ಪ್ರಶ್ನೆ ಕೆಲವು ವಾರಗಳಿಂದ ನನ್ನನ್ನು ತಿನ್ನುತ್ತಿತ್ತು. ಪ್ರಶ್ನೆಯ ಅರ್ಧ ಭಾಗ, ಅಂದರೆ ಮೈಮುನಕ್ಕ, ಆಗ ನನ್ನ ಪಕ್ಕದಲ್ಲೇ ನಿಂತು ಆ ಬಟ್ಟಲನ್ನು ನೋಡುತ್ತಿದ್ದರು.

ಬಿಸಲೆ ಎಂದರೆ ನಮ್ಮ ಕರಾವಳಿಯವರು ಮೀನಸಾರು ಮಾಡುವ ಅಗಲ ಬಾಯಿಯ ಮಣ್ಣಿನ ಪಾತ್ರೆ. ಮೈಮುನಕ್ಕ ಎಂದರೆ ಅಬುಧಾಬಿಯ ಖಾಲಿದಿಯಾ ಬಡಾವಣೆಯ ನಮ್ಮ ಹಳೆಯ ಕಟ್ಟಡದಲ್ಲಿ ನಮ್ಮ ಎದುರು ಬಾಗಿಲಿನವರು. ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಅವರ ಗಂಡ ಹಮೀದಾಕ ಒಂದು ಟೈಲ್ಸ್ ಅಂಗಡಿಯಲ್ಲಿ ಸೇಲ್ಸಿನವರು. ನಾನು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನಮ್ಮವರು ನನಗೆ ತೋರಿಸಿದ್ದು ಕಿಟಕಿಯಿಂದ ಕಾಣುವ ಸಮುದ್ರ. ಮೈಮುನಕ್ಕ ತೋರಿಸಿದ್ದು ಲಿಫ್ಟು, ಬಕಾಲಾ, ಅಂದರೆ ಕೆಳಗಿನ ದಿನಸಿ ಅಂಗಡಿ, ಮತ್ತು ಗ್ಯಾಸ್ ಸಿಲಿಂಡರ್ ಬದಲಿಸುವ ಕ್ರಮ. ಸಮುದ್ರವನ್ನು ನಾನು ಮೊದಲೇ ನೋಡಿದ್ದೆ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ನಿಮಗೆ ಸುಲಭವಾಗಲಿ ಎಂದು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಬಂದ ವಾರವೇ ಆ ಬಿಸಲೆ ಮೊದಲ ಬಾರಿ ನಮ್ಮ ಹೊಸ್ತಿಲು ದಾಟಿತು. ಒಳಗೆ ಸಿಗಡಿ ಸುಕ್ಕ. ಪಾತ್ರೆ ಅವರ ಅಮ್ಮ ಕೊಟ್ಟದ್ದಂತೆ. ಹಮೀದಾಕನ ಲುಂಗಿಯಲ್ಲಿ ಸುತ್ತಿ ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರಂತೆ. ಸುಕ್ಕ ಒಂದೇ ಊಟಕ್ಕೆ ಮುಗಿಯಿತು. ಪಾತ್ರೆ ತೊಳೆದು ಹಿಂದೆ ಕೊಡಲು ಹೊರಟಾಗ ನನ್ನ ಕಾಲು ಬಾಗಿಲಲ್ಲೇ ನಿಂತಿತು. ನೆರೆಮನೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಅಕ್ಕಿ, ನಾಲ್ಕು ಹಸಿಮೆಣಸು, ಕಡೆಗೆ ಒಂದು ತುಂಡು ಬೆಲ್ಲವಾದರೂ ಹಾಕಿ ಕೊಡಬೇಕು. ಅಜ್ಜಿ ಕಲಿಸಿದ ಎಲ್ಲವನ್ನೂ ನಾನು ಮರೆತಿದ್ದೇನೆ, ಇದೊಂದನ್ನು ಬಿಟ್ಟು.

ಮೈಮುನಕ್ಕನ ಮನೆಯಲ್ಲೂ ಇದೇ ಕಾಯಿದೆ ಎಂದು ಆಮೇಲೆ ತಿಳಿಯಿತು. ಇಬ್ಬರೂ ಹಟ ಹಿಡಿದರೆ ಏನಾಗುತ್ತದೆ ನೀವೇ ಯೋಚಿಸಿ. ನಾನು ತುಂಬಿಸಿ ಕೊಟ್ಟೆ. ಅದನ್ನು ಖಾಲಿ ಮಾಡಿದ ಅವರಿಗೆ ಪಾತ್ರೆ ಅವರದೇ ಎಂಬುದು ನೆನಪಿದ್ದರೆ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎದುರು ಮನೆಯಿಂದ ತುಂಬಿ ಬಂದ ಪಾತ್ರೆ ಕಟ್ಟೆಯ ಮೇಲೆ ಖಾಲಿ ಕೂತದ್ದನ್ನು ನೋಡಿ ಅವರಿಗೆ ಸಮಾಧಾನವಾಗಲಿಲ್ಲ. ಮತ್ತೆ ತುಂಬಿಸಿ ಕಳಿಸಿದರು. ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ. ನನ್ನ ಮಗಳು ಹುಟ್ಟಿ, ಬೆಳೆದು, ದುಬೈಯಲ್ಲಿ ಕೆಲಸಕ್ಕೆ ಸೇರುವವರೆಗೂ ಆ ಬಿಸಲೆ ಕಾರಿಡಾರಿನಲ್ಲಿ ಆಚೀಚೆ ಓಡಾಡುತ್ತಲೇ ಇತ್ತು. ನಮ್ಮವರು ಅದಕ್ಕೆ ‘ಶಾರ್ಜಾ ಬಸ್ಸು’ ಎಂದು ಹೆಸರಿಟ್ಟಿದ್ದರು. ಯಾವಾಗ ನೋಡಿದರೂ ತುಂಬಿರುತ್ತದೆ ಎಂದು ಅವರ ಲೆಕ್ಕ.

ಮೊದಲ ಬಾರಿ ನಾನು ತುಂಬಿಸಿ ಕೊಟ್ಟದ್ದರ ಕತೆಯನ್ನು ಮಾತ್ರ ಹೇಳಲೇಬೇಕು. ಬಂಗುಡೆ ತಂದೆ. ತೆಂಗಿನಕಾಯಿ, ಮೆಣಸು, ಕೊತ್ತಂಬರಿ ಎಲ್ಲ ಇತ್ತು, ಹುಳಿ ಇರಲಿಲ್ಲ. ಬಕಾಲಾದ ಮಲಬಾರಿನವನ ಹತ್ತಿರ ನನ್ನ ಹರುಕುಮುರುಕು ಹಿಂದಿಯಲ್ಲಿ "ಖಟ್ಟಾ, ಖಟ್ಟಾ" ಎಂದೆ. ಅವನು ಒಂದು ಡಬ್ಬಿ ತೋರಿಸಿದ. ಒಳಗೆ ಗೋಲಿಯ ಗಾತ್ರಕ್ಕಿಂತ ದೊಡ್ಡದಾದ, ಕರಿ ಬಣ್ಣದ, ಒಣಗಿ ಹಗುರಾದ ಕಾಯಿಗಳು. ಓಹೋ, ನಮ್ಮ ಕಡೆ ಸಾರಿನ ಹುಳಿಗೆ ಹಾಕುವ ಒಣಗಿದ ಪುನರ್ಪುಳಿ ಎಂದುಕೊಂಡೆ. ಪುನರ್ಪುಳಿಯನ್ನು ನಾನು ಶರಬತ್ತಿನ ಲೋಟದಲ್ಲಿ ಮಾತ್ರ ಸರಿಯಾಗಿ ನೋಡಿದವಳು. ನಾಲ್ಕು ಕಾಯಿ ಜಜ್ಜಿ ಸಾರಿಗೆ ಹಾಕಿದೆ. ಸ್ವಲ್ಪ ಕಹಿ, ಸ್ವಲ್ಪ ಹುಳಿ, ಏನೋ ಹೊಗೆಯ ವಾಸನೆ. ಹೊಸ ದೇಶದ ಬಂಗುಡೆ ಹೀಗೆಯೇ ಇರಬೇಕು ಎಂದು ಮೀನಿನ ಮೇಲೆ ತಪ್ಪು ಹೊರಿಸಿ, ಬಿಸಲೆಯನ್ನು ಎದುರು ಮನೆಗೆ ದಾಟಿಸಿದೆ.

ಮುಂದಿನ ವಾರ ಮೈಮುನಕ್ಕನ ಮನೆಯಿಂದ ಮೀನಸಾರು ಬಂತು. ತಿಂದು ನೋಡುತ್ತೇನೆ, ಅದೇ ಕಹಿ, ಅದೇ ಹೊಗೆ, ತಳದಲ್ಲಿ ಅದೇ ಕರಿ ಕಾಯಿ. ನನಗೆ ಆದ ಸಂತೋಷ ಹೇಳತೀರದು. ಅಷ್ಟರಲ್ಲಿ ಅದು ಪುನರ್ಪುಳಿಯಲ್ಲ, ಅರಬರು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸುವ ಲೂಮಿ ಎಂಬ ನಿಂಬೆ ಎಂದು ನನಗೆ ತಿಳಿದಿತ್ತು. ಹಾಗಾಗಿ ನಾನೊಂದು ಸಿದ್ಧಾಂತವನ್ನೇ ಕಟ್ಟಿದೆ. ಬ್ಯಾರಿಗಳಿಗೂ ಅರಬರಿಗೂ ಎಷ್ಟೋ ತಲೆಮಾರಿನ ಕಡಲ ವ್ಯಾಪಾರದ ನಂಟು; ಆ ಹಡಗಿನಲ್ಲೇ ಲೂಮಿ ಉಳ್ಳಾಲಕ್ಕೆ ಬಂದಿರಬೇಕು; ನಾನು ಗೊತ್ತಿಲ್ಲದೆ ಹಾಕಿದ್ದು ಅವರ ಮನೆತನದ ಕ್ರಮವೇ ಆಗಿಬಿಟ್ಟಿದೆ. ನಮ್ಮ ಕನ್ನಡ ಬಳಗದ ಊಟದ ದಿನ ಇದನ್ನು ಮೈಕಿನಲ್ಲಿ ಹೇಳಿ ಚಪ್ಪಾಳೆ ಕೂಡ ಗಿಟ್ಟಿಸಿದ್ದೇನೆ. ‘ಬ್ಯಾರಿ ಶೈಲಿಯ ಮೀನಸಾರು’ ಎಂದು ನನ್ನ ಪಾತ್ರೆಯ ಮುಂದೆ ಚೀಟಿಯೂ ಇತ್ತು. ಮೈಮುನಕ್ಕ ಆ ದಿನ ಜ್ವರವೆಂದು ಬಂದಿರಲಿಲ್ಲ.

ಮಣ್ಣಿನ ಪಾತ್ರೆ ಎಂದರೆ ನನಗೆ ಸಣ್ಣಂದಿನಿಂದಲೂ ಒಂದು ಮರುಳು. ನಮ್ಮ ಮನೆಗೆ ಬುಟ್ಟಿ ಹೊತ್ತು ಬರುತ್ತಿದ್ದ ಕುಂಬಾರ ಹೆಂಗಸೊಬ್ಬರಿದ್ದರು. ಅಜ್ಜಿ ಪ್ರತಿಯೊಂದು ಪಾತ್ರೆಯನ್ನೂ ಎತ್ತಿ, ಬೆರಳ ಗೆಣ್ಣಿನಿಂದ ಟಣ್ಣೆಂದು ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ನನಗೂ ಒಂದು ಸಣ್ಣ ಕುಡಿಕೆ ಕೊಟ್ಟು "ನೀನೂ ಕೇಳು" ಎನ್ನುತ್ತಿದ್ದರು. ನನಗೆ ಎಲ್ಲ ಒಂದೇ ಕೇಳುತ್ತಿತ್ತು. ಆದರೂ ತಲೆಯಾಡಿಸಿ "ಇದು ಅಡ್ಡಿಯಿಲ್ಲ" ಎಂದು ತೀರ್ಪು ಕೊಡುತ್ತಿದ್ದೆ. ಹೊಸ ಪಾತ್ರೆಗೆ ಗಂಜಿತಿಳಿ ಹಾಕಿ ಕುದಿಸಿ ಪಳಗಿಸುವಾಗ ಏಳುವ ಒದ್ದೆ ಮಣ್ಣಿನ ವಾಸನೆಗೆ ಒಲೆಯ ಪಕ್ಕ ಮೂಗು ಚಾಚಿ ಕೂರುತ್ತಿದ್ದೆ. ಒಮ್ಮೆ ಆ ಕುಡಿಕೆಯ ಅಂಚನ್ನು ಕಚ್ಚಿ ತಿಂದದ್ದೂ ಉಂಟು. ಈಗಲೂ ತಿನ್ನಬೇಕೆನಿಸುತ್ತದೆ, ವಯಸ್ಸು ಅಡ್ಡ ಬರುತ್ತದೆ.

ಎಟ್ರುಸ್ಕನ್ ಎಂಬ ಶಬ್ದ ನಮ್ಮ ಮನೆಗೆ ಬಂದದ್ದು ನನ್ನ ಅಜ್ಞಾನದ ಬಲದಿಂದಲೇ. ಮಗಳು ಶ್ರಾವ್ಯ ಶಾಲೆಯಲ್ಲಿದ್ದಾಗ ಗ್ರೀಕ್ ಹೂಜಿಯೊಂದನ್ನು ಮಾಡಿ ತರಬೇಕೆಂದು ಪ್ರಾಜೆಕ್ಟ್ ಕೊಟ್ಟಿದ್ದರು. ಶಾಲೆಯ ಪ್ರಾಜೆಕ್ಟುಗಳನ್ನು ಯಾರು ಮಾಡುತ್ತಾರೆ ಎಂದು ನಿಮಗೂ ಗೊತ್ತು, ಶಾಲೆಗೂ ಗೊತ್ತು. ನರ್ಸರಿಯಿಂದ ಹೂವಿನ ಕುಂಡ ತಂದು, ಪುಸ್ತಕದ ಚಿತ್ರ ನೋಡಿ ಕೂತೆ. ಕಪ್ಪು ಹಿನ್ನೆಲೆ, ಕೆಂಪು ಮನುಷ್ಯ. ಇದೇನು ಮಹಾ ಎಂದು ಇಡೀ ಕುಂಡಕ್ಕೆ ಕಪ್ಪು ಬಳಿದು, ಒಣಗಿದ ಮೇಲೆ ಕೆಂಪು ಬಣ್ಣದಲ್ಲಿ ಒಬ್ಬ ವೀರನನ್ನು ಬಿಡಿಸಿದೆ. ಮಗಳು ನೋಡಿ, "ಅಮ್ಮಾ, ಹಿ ಲುಕ್ಸ್ ಲೈಕ್ ಪಪ್ಪಾ ಇನ್ ಲುಂಗಿ" ಎಂದಳು. ಹೊಟ್ಟೆಯ ಭಾಗ ಸ್ವಲ್ಪ ದಪ್ಪವಾದದ್ದು ಹೌದು. ನನ್ನ ಕಣ್ಣಿಗೆ ಅಭ್ಯಾಸವಾದ ಗಂಡಸಿನ ಆಕಾರ ಅದೊಂದೇ, ನಾನೇನು ಮಾಡಲಿ?

ಮರುದಿನ ಸಂಜೆ ಅವಳು ಶಾಲೆಯಿಂದ ಬಂದವಳೇ, "ಮಿಸ್ ಸೆಡ್ ಇಟ್ಸ್ ನಾಟ್ ಗ್ರೀಕ್" ಎಂದು ಚೀಲ ಬಿಸಾಡಿದಳು. ವಿಷಯ ಹೀಗೆ. ಗ್ರೀಕರು ಕೆಂಪು ಮನುಷ್ಯನನ್ನು ಬಿಡಿಸುತ್ತಲೇ ಇರಲಿಲ್ಲ. ಮನುಷ್ಯನ ಸುತ್ತ ಕಪ್ಪಾಗುವ ಮಣ್ಣನ್ನು ಬಳಿದು, ಮನುಷ್ಯನ ಜಾಗವನ್ನು ಹಾಗೆಯೇ ಬಿಡುತ್ತಿದ್ದರು. ಸುಟ್ಟಾಗ ಪಾತ್ರೆಯ ಸ್ವಂತ ಕೆಂಪೇ ಮನುಷ್ಯನಾಗುತ್ತಿತ್ತು. ಸಮುದ್ರದ ಈಚೆ ಇಟಲಿಯಲ್ಲಿದ್ದ ಎಟ್ರುಸ್ಕನ್ನರಿಗೆ ಗ್ರೀಕ್ ಪಾತ್ರೆಗಳೆಂದರೆ ಪ್ರಾಣ. ಹಡಗಿನಲ್ಲಿ ರಾಶಿ ರಾಶಿ ತರಿಸಿಕೊಳ್ಳುತ್ತಿದ್ದರು. ಗ್ರೀಕ್ ಕುಶಲಕರ್ಮಿಗಳು ಕೆಲವರು ಇಟಲಿಗೇ ಬಂದು ನೆಲೆಸಿದ್ದರು. ಎಟ್ರುಸ್ಕನ್ನರೂ ನೋಡಿ ನೋಡಿ ಮಾಡಲು ಶುರುಮಾಡಿದರು. ಆದರೆ ಜಾಗ ಬಿಟ್ಟು ಬಳಿಯುವ ಕಷ್ಟದ ಕ್ರಮ ಮೊದಮೊದಲು ಕೈಗೆ ಹತ್ತದೆ, ಪೂರ್ತಿ ಕಪ್ಪು ಮಾಡಿ ಮೇಲಿನಿಂದ ಕೆಂಪು ಹಚ್ಚಿಬಿಟ್ಟರು. ದೂರದಿಂದ ನೋಡಿದರೆ ಅದೇ ಹೂಜಿ. ಟೀಚರು ಪುಸ್ತಕದ ಅಂಚಿನಲ್ಲಿ, ನಿಮ್ಮ ತಾಯಿ ಮಾಡಿದ್ದು ಪಕ್ಕಾ ಎಟ್ರುಸ್ಕನ್ ಕೆಲಸ ಎಂದು ನಗುಮುಖದ ಗುರುತಿನ ಜೊತೆ ಬರೆದಿದ್ದರು. ಯಾವ ತರಬೇತಿಯೂ ಇಲ್ಲದೆ ಖಾಲಿದಿಯಾದ ಅಡಿಗೆಮನೆಯಲ್ಲಿ ನಾನು ಒಂದು ಪ್ರಾಚೀನ ಶೈಲಿಯನ್ನು ಮತ್ತೆ ಕಂಡುಹಿಡಿದಿದ್ದೆ. ಅಂದಿನಿಂದ ಮನೆಯಲ್ಲಿ ನಾನು ಏನು ಅಡ್ಡಾದಿಡ್ಡಿ ಮಾಡಿದರೂ ನಮ್ಮವರು "ಎಟ್ರುಸ್ಕನ್ನು" ಎನ್ನುತ್ತಾರೆ. ನಾನು ಕಾರು ಕಲಿತ ದಿನಗಳಲ್ಲಿ ಈ ಶಬ್ದ ಬಹಳ ಬಳಕೆಯಾಯಿತು.

ಆ ಹೊಗಳಿಕೆಯೋ ತೆಗಳಿಕೆಯೋ ನನ್ನನ್ನು ಆ ಜನರಿಗೆ ಗಂಟುಹಾಕಿತು. ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಅವರು ನಮ್ಮ ಪೈಕಿಯವರೇ ಅನ್ನಿಸತೊಡಗಿತು. ಬೇರೆಯವರ ದೇವರ ಕತೆಗಳನ್ನು ತಮ್ಮ ಪಾತ್ರೆಯ ಮೇಲೆ ಬಿಡಿಸಿಕೊಂಡು, ನಡುನಡುವೆ ತಮ್ಮ ಊರಿನ ರೆಕ್ಕೆಯ ದೇವತೆಗಳನ್ನೂ ಕೂರಿಸಿ, ಯಾವುದು ಎಲ್ಲಿಂದ ಬಂತು ಎಂದು ತಲೆಕೆಡಿಸಿಕೊಳ್ಳದೆ ಅದರಲ್ಲಿ ಉಂಡು ಕುಡಿದು ಸುಖವಾಗಿದ್ದವರು. ಅವರ ಗೋರಿಗಳಲ್ಲಿ ಸಿಕ್ಕ ಗ್ರೀಕ್ ಹೂಜಿಗಳನ್ನು ಬಹಳ ಕಾಲ ಯುರೋಪಿನ ದೊಡ್ಡ ಮನುಷ್ಯರು ಎಟ್ರುಸ್ಕನ್ ಹೂಜಿಗಳೆಂದೇ ಕರೆದರಂತೆ. ನಮ್ಮ ಪದ್ಮನಾಭನ ಹಾಗೆ, ಯಾರದೋ ಹೆಸರಲ್ಲಿ ಯಾರದೋ ಚೊಂಬು.

ಎಲ್ಲೆಲ್ಲಿಗೋ ಹೋದೆ. ಮೈಮುನಕ್ಕನಿಗೆ ಬರುತ್ತೇನೆ.

ಶ್ರಾವ್ಯ ಹುಟ್ಟುವ ಸಮಯಕ್ಕೆ ನನ್ನ ಅಮ್ಮನ ವೀಸಾ ಆಗಲಿಲ್ಲ. ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಬಂದ ದಿನ ನಾನು ಮಂಚದ ಮೇಲೆ ಕೂತು ಅತ್ತೆ. ಮಗುವೂ ಅತ್ತಿತು. ನಮ್ಮವರು ಬಾಲ್ಕನಿಗೆ ಹೋಗಿ ನಿಂತರು. ಎದುರು ಬಾಗಿಲಿನಿಂದ ಮೈಮುನಕ್ಕ ಬಂದು, ತೋಳು ಮಡಚಿ, "ಅಳ್ಲಿಕ್ಕೆ ಆಮೇಲೆ ಟೈಮ್ ಉಂಟು, ಮೊದಲು ಎಣ್ಣೆ ಹಚ್ಚುವ" ಎಂದರು. ಅಷ್ಟೇ. ಮುಂದಿನ ದಿನಗಳಲ್ಲಿ ನನಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ದವರು ಅವರು. ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದವರು ಅವರು. ದಿನ ಬಿಟ್ಟು ದಿನ ಆ ಬಿಸಲೆಯಲ್ಲಿ ಮೆಂತೆ ಗಂಜಿ ಬರುತ್ತಿತ್ತು. ಆ ಒಂದು ಕಾಲದಲ್ಲಿ ಮಾತ್ರ ಅದು ಖಾಲಿಯಾಗಿ ಹಿಂದೆ ಹೋಗುತ್ತಿತ್ತು. ನಾನು ಸಂಕೋಚಪಟ್ಟರೆ, "ಬಾಣಂತಿಗೆ ಕಾಯಿದೆ ಇಲ್ಲ" ಎನ್ನುತ್ತಿದ್ದರು. ನಮ್ಮ ಅಮ್ಮ ಫೋನಿನಲ್ಲಿ ಅವರ ಹತ್ತಿರ ಮಾತಾಡಿ, ಏನೂ ಹೇಳಲಾಗದೆ, ಕೊನೆಗೆ "ಊಟ ಆಯ್ತಾ?" ಎಂದಷ್ಟೇ ಕೇಳಿ ಇಟ್ಟರಂತೆ. ಅಮ್ಮನ ಕಷ್ಟ ನನಗೀಗ ಚೆನ್ನಾಗಿ ಅರ್ಥವಾಗುತ್ತದೆ. ಇಷ್ಟು ವರ್ಷದಲ್ಲಿ ನಾನೂ ಅವರಿಗೆ ಅದಕ್ಕಿಂತ ಹೆಚ್ಚು ಹೇಳಿಲ್ಲ.

ಈ ವರ್ಷ ಹಮೀದಾಕನ ಕಂಪನಿಯವರು ಅವರಿಗೆ ವಯಸ್ಸಾಯಿತೆಂದು ಶಾಲು ಹೊದಿಸಿ ಕಳಿಸಿದರು. ವೀಸಾ ಕ್ಯಾನ್ಸಲ್. ಊರಿನ ಕಡೆ ದೇರಳಕಟ್ಟೆಯಲ್ಲಿ ಅವರ ಮಗಳ ಮನೆಯ ಪಕ್ಕದಲ್ಲೇ ಅವರದೂ ಮನೆ ಎದ್ದಿತ್ತು. ಮೈಮುನಕ್ಕನಿಗೆ ಬೇಜಾರಿಗಿಂತ ಸಂಭ್ರಮವೇ ಜಾಸ್ತಿ; ಮೊಮ್ಮಕ್ಕಳ ಹೆಸರು ಹೇಳುತ್ತಾ ಪೆಟ್ಟಿಗೆ ಕಟ್ಟುತ್ತಿದ್ದರು. ನಾನೂ ಸಹಾಯಕ್ಕೆ ಹೋಗಿ ಟೇಪು ಹಚ್ಚುತ್ತಿದ್ದೆ. ಆದರೆ ಬಿಸಲೆ ಆಗ ನನ್ನ ಮನೆಯಲ್ಲಿತ್ತು. ಪಾಳಿ ನನ್ನದು. ಅವರು ಹೋಗುವ ಮೊದಲು ನಾನು ಅದನ್ನು ತುಂಬಿಸಿ ಕೊಟ್ಟರೆ ಅದು ಅವರ ಜೊತೆ ಹೋಗುತ್ತದೆ. ಹೋಗುವುದೇ ನ್ಯಾಯ, ಅವರ ಅಮ್ಮ ಕೊಟ್ಟದ್ದು. ನನಗೆ ಮಾತ್ರ ಅದು ಬೇಕಿತ್ತು. ಸುಮ್ಮನೆ ಅಲ್ಲ, ತುಂಬಾ ಬೇಕಿತ್ತು. ಬೇರೆ ಬಿಸಲೆ ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ ಎಂದು ನಮ್ಮವರು ಹೇಳಿದರು. ಸಿಗುತ್ತವೆ, ಅದು ನನಗೂ ಗೊತ್ತು. ಕೇಳುವುದು ಹೇಗೆ? ಅಮ್ಮ ಕೊಟ್ಟದ್ದನ್ನು ನನಗೆ ಬಿಟ್ಟುಹೋಗಿ ಎನ್ನಲು ಎಷ್ಟು ಬಾಯಿ ಬೇಕು? ಕೇಳದಿದ್ದರೆ ಮಂಗಳವಾರ ಅವರ ಜೊತೆ ಅದೂ ವಿಮಾನ ಹತ್ತುತ್ತದೆ. ನಾನು ದಿನಾ ಒಂದು ನೆಪ ಹುಡುಕಿ ಹಿಂದೆ ಕೊಡುವುದನ್ನು ಮುಂದೂಡುತ್ತಿದ್ದೆ.

ಅವರು ಹೊರಡುವ ಮೊದಲಿನ ಶನಿವಾರ ಶ್ರಾವ್ಯ ದುಬೈಯ ಅಲ್ ಬರ್ಷಾದಿಂದ ಕಾರು ತಂದಳು. "ಮೈಮುನಾಂಟಿ, ಮ್ಯೂಸಿಯಮ್ ನೋಡದೆ ಹೋಗ್ಬಾರ್ದು. ಯಲ್ಲಾ, ಬನ್ನಿ ಬನ್ನಿ, ಹತ್ತಿ" ಎಂದಳು. ಇಷ್ಟು ವರ್ಷ ಇದ್ದೂ ಅವರು ಆ ದ್ವೀಪದ ಕಡೆ ಹೋಗಿರಲಿಲ್ಲ. ಗುಮ್ಮಟದ ತೂತುಗಳಿಂದ ನೆಲಕ್ಕೆ ಬೀಳುತ್ತಿದ್ದ ಬಿಸಿಲಿನ ಚುಕ್ಕಿಗಳನ್ನು ಮೆಟ್ಟದೆ ಹುಷಾರಾಗಿ ನಡೆದರು. ಒಳಗೆ ದೂರದೂರುಗಳಿಂದ ಕೆಲವು ತಿಂಗಳ ಮಟ್ಟಿಗೆ ತಂದ ಪಾತ್ರೆಗಳ ಕೋಣೆಯೊಂದಿತ್ತು. ಅಲ್ಲಿಯೇ ನಾನು ಹೇಳಿದ ಆ ಬಟ್ಟಲು, ಅದರ ಸುತ್ತ ಕಪ್ಪು ಕೆಂಪು ಹೂಜಿಗಳು.

"ಇದ್ರಲ್ಲಿ ಎಂತ ಬರ್ದಿದೆ?" ಎಂದು ಮೈಮುನಕ್ಕ ಕೇಳಿದರು.

"ನನ್ನನ್ನು ಇಂಥವರು ಕೊಟ್ಟದ್ದು ಅಂತ."

"ಪಾತ್ರೆಯೇ ಹೇಳುದಾ?"

"ಹೌದು, ಪಾತ್ರೆಯೇ ಹೇಳುದು."

ಅವರು ಬಟ್ಟಲಿನ ಕಡೆ ಬಗ್ಗಿದರು. "ನಮ್ಮ ಬಿಸಲೆಗೆ ಬಾಯಿ ಬಂದ್ರೆ ಕಷ್ಟ ಉಂಟು ಮಾರಾಯ್ತಿ. ನಿನ್ನ ಅತ್ತೆ ಬಂದಾಗ ನೀನು ಹೇಳಿದ್ದೆಲ್ಲ ಕೇಳಿದೆ ಅದು."

ಶ್ರಾವ್ಯ ಕಿವಿ ನಿಮಿರಿಸಿದಳು. ನಾನು ವಿಷಯ ಬದಲಿಸಲು ಪಕ್ಕದ ಹೂಜಿಗೆ ದಾಟಿದೆ. ನನ್ನ ಪಾಂಡಿತ್ಯಕ್ಕೆ ಹೇಳಿ ಮಾಡಿಸಿದಂಥ ಹೂಜಿ ಅದು. ಚಪ್ಪಟೆ ಪಟ್ಟಿಯಂಥ ಅಗಲ ಹಿಡಿಗಳು. ಆಕಾರ ಎಟ್ರುಸ್ಕನ್ನರದು, ಮಾಡಿದ ಕೈ ಗ್ರೀಕರದು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ನೋಡಿ ಮೈಮುನಕ್ಕ, ಈ ಎಟ್ರುಸ್ಕನ್ನರು ಗ್ರೀಕರದ್ದು ನೋಡಿ ಮಾಡುದು ಮಾತ್ರ ಅಲ್ಲ. ಗ್ರೀಸಿನ ಕುಂಬಾರನೂ ಇವರ ಪಾತ್ರೆಯ ಆಕಾರ ನೋಡಿದ. ಆಚೆಯವರಿಗೆ ಇದೇ ರೂಢಿ ಅಲ್ವಾ, ಅವರಿಗೆ ಖುಷಿಯಾಗ್ಲಿ ಅಂತ ಅದೇ ಆಕಾರದಲ್ಲಿ ಮಾಡಿ, ತನ್ನ ಚಿತ್ರ ಬರೆದು, ಹಡಗಿನಲ್ಲಿ ಇವರಿಗೇ ಕಳಿಸಿದ."

"ಅದ್ರಲ್ಲಿ ಎಂತ ವಿಶೇಷ?" ಎಂದರು ಮೈಮುನಕ್ಕ. "ನಾನು ನಿಂಗೋಸ್ಕರ ಮೀನಿಗೆ ಲೂಮಿ ಹಾಕುದಿಲ್ವಾ?"

ನಾನು ಹೂಜಿ ಬಿಟ್ಟು ಅವರ ಕಡೆ ತಿರುಗಿದೆ. "ನಂಗೋಸ್ಕರ? ಅದು ನಿಮ್ಮ ಕ್ರಮ ಅಲ್ವಾ?"

"ನಮ್ಮದು ಯಾವ ಕ್ರಮ? ಉಳ್ಳಾಲದಲ್ಲಿ ಲೂಮಿ ಎಲ್ಲುಂಟು? ನೀನು ಬಂದ ಹೊಸದ್ರಲ್ಲಿ ಬಂಗುಡೆಗೆ ಹಾಕಿ ಕೊಟ್ಟದ್ದಲ್ವಾ? ಇದೆಂತ ಕಹಿ ಅಂತ ನಮ್ಮವರು ಕೇಳಿದ್ರು. ಸುಮ್ನಿರಿ, ಉಡುಪಿ ಕಡೆಯವರು ಹೀಗೆಯೇ ಮಾಡುದಿರ್ಬೇಕು ಅಂತ ಹೇಳಿದೆ ನಾನು. ಹೊಸ ಮದುಮಗಳು, ಊರಿನ ರುಚಿ ಇಲ್ಲದೆ ಬೇಜಾರು ಮಾಡ್ಬಾರ್ದು ಅಂತ ನಿಮ್ಮ ಮನೆಗೆ ಕಳಿಸುವಾಗೆಲ್ಲ ಅದನ್ನೇ ಹಾಕಿದೆ. ಮತ್ತೆ ನಮ್ಗೂ ಅಭ್ಯಾಸ ಆಯ್ತು. ಈಗ ಅದಿಲ್ಲದಿದ್ರೆ ಹಮೀದಾಕ ಉಣ್ಣುದಿಲ್ಲ. ನನ್ನ ನಾದಿನಿಯರಿಗೆಲ್ಲ ಉಡುಪಿಯವರ ಮೀನಸಾರು ಅಂತ ನಾನೇ ಕಲಿಸಿದ್ದೇನೆ."

ಹಡಗು, ಕಡಲ ವ್ಯಾಪಾರ, ಮೈಕು, ಚಪ್ಪಾಳೆ ಎಲ್ಲವೂ ನನ್ನ ಕಣ್ಣ ಮುಂದೆ ಬಂತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಪುನರ್ಪುಳಿ ಎಂದುಕೊಂಡದ್ದು, ಬ್ಯಾರಿ ಶೈಲಿ ಎಂದು ಊರಿಗೆಲ್ಲ ಸಾರಿದ್ದು. ಮೈಮುನಕ್ಕ ಮೊದಲು ನನ್ನ ಮುಖ ನೋಡಿದರು. ಆಮೇಲೆ ಅವರಿಗೆ ನಗು ಬಂತು. ನನಗೂ ಬಂತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಆ ನಿಶ್ಶಬ್ದ ಕೋಣೆಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕಾವಲಿನ ಹುಡುಗಿ ಹತ್ತಿರ ಬಂದು, ನಮ್ಮ ಸ್ಥಿತಿ ನೋಡಿ, ತಾನೂ ಮುಗುಳ್ನಕ್ಕು ಬೆರಳು ತುಟಿಗಿಟ್ಟಳು. ಶ್ರಾವ್ಯ ಮಾತ್ರ ನಾವು ಯಾರೋ ಗೊತ್ತೇ ಇಲ್ಲ ಎಂಬಂತೆ ದೂರದ ಹೂಜಿಯೊಂದನ್ನು ಅಧ್ಯಯನ ಮಾಡುತ್ತಿದ್ದಳು.

ಕಾರಿನಲ್ಲಿ ಬರುವಾಗ ನಗು ನಿಂತು ಮೈಮುನಕ್ಕನನ್ನೇ ನೋಡಿದೆ. ಕಹಿಯಾದ ಸಾರನ್ನು ಮುಖ ಸಿಂಡರಿಸದೆ ಉಂಡು, ಮನೆಯವರಿಗೂ ಉಣ್ಣಿಸಿ, ನನ್ನ ತಪ್ಪನ್ನು ನನ್ನ ಊರೆಂದು ತಿಳಿದು, ಅದನ್ನೇ ಕಲಿತು ನನಗೆ ಮಾಡಿ ಬಡಿಸಿದವರು. ಅವರಿಗೆ ಇದರಲ್ಲಿ ವಿಶೇಷವೇ ಕಾಣಲಿಲ್ಲ. ಬಿಸಲೆ ನನಗೆ ಬೇಕು ಎಂಬ ನನ್ನ ಆಸೆಯ ಬಗ್ಗೆ ನನಗೇ ಆಗ ಸ್ವಲ್ಪ ನಾಚಿಕೆಯಾಯಿತು. ಹಿಂದೆ ಕೊಡುವುದೆಂದು ಅಲ್ಲೇ ನಿಶ್ಚಯಿಸಿದೆ.

ಮಂಗಳವಾರ ಮಧ್ಯಾಹ್ನ ಮೀನಿನ ಮಾರ್ಕೆಟ್ಟಿನಿಂದ ತಂದ ಬಂಗುಡೆ ಹಾಕಿ ಸಾರು ಮಾಡಿದೆ. ಲೂಮಿ ಹಾಕಿದೆ. ಬಿಸಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಾರಿಡಾರು ದಾಟಿದೆ. ಅವರ ಮನೆ ಖಾಲಿಯಾಗಿತ್ತು. ಸೋಫಾ, ಮಂಚ, ಪರದೆ ಎಲ್ಲ ಹೋಗಿ, ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತಿತ್ತು. ಗಂಡಸರು ಹಾಲಿನಲ್ಲಿ ಪೇಪರು ಹಾಸಿ ಕೂತರು. ಎಟ್ರುಸ್ಕನ್ ಹೆಂಗಸರು ಗಂಡಂದಿರ ಜೊತೆಗೇ ಕೂತು ಉಣ್ಣುತ್ತಿದ್ದರಂತೆ, ಅದನ್ನು ಕೇಳಿಯೇ ಗ್ರೀಕರಿಗೆ ಮೈ ಉರಿಯುತ್ತಿತ್ತಂತೆ. ನಾವಿಬ್ಬರು ಎಂದಿನ ಹಾಗೆ ಅಡಿಗೆಮನೆಯ ನೆಲದಲ್ಲೇ ಕೂತೆವು. ಗಂಡಂದಿರ ಜೊತೆ ಕೂತರೆ ಅವರ ವಿಷಯ ಮಾತಾಡುವುದು ಯಾವಾಗ?

ಊಟ ಮುಗಿದು ಗಂಡಸರು ನಾತೂರನ ಜೊತೆ, ಅಂದರೆ ನಮ್ಮ ಕಟ್ಟಡದ ಕಾವಲಿನವನ ಜೊತೆ, ಪೆಟ್ಟಿಗೆಗಳನ್ನು ಕೆಳಗಿಳಿಸಲು ಹೋದರು. ಮೈಮುನಕ್ಕ ಬಿಸಲೆಯನ್ನು ಸೋಪು ಮುಟ್ಟಿಸದೆ ಬರೀ ಬಿಸಿನೀರಿನಲ್ಲಿ ತೊಳೆದು, ತಲೆವಸ್ತ್ರದ ತುದಿಯಿಂದಲೇ ಒರೆಸಿದರು. ಒಳಗಿನ ಕಪ್ಪು ಎರಡೂ ಮನೆಯ ಒಲೆಗಳದ್ದು, ಯಾವುದು ಯಾರದೆಂದು ಹೇಳುವ ಹಾಗಿಲ್ಲ.

"ಹಮೀದಾಕನ ಲುಂಗಿ ಒಂದು ಕೊಡಿ, ಸುತ್ತಿ ಕೊಡ್ತೇನೆ" ಎಂದೆ.

"ನಿಂಗೆ ಬೇಡ್ವಾ ಇದು?"

"ನಿಮ್ಮ ಅಮ್ಮ ಕೊಟ್ಟದ್ದಲ್ವಾ."

ಅವರು ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಎಲ್ಲ ಖಾಲಿ. ಫ್ರಿಜ್ಜು ಮೊದಲೇ ಹೋಗಿತ್ತು. ಒಂದು ಕಾಳು ಅಕ್ಕಿ ಇಲ್ಲ, ಒಂದು ಎಸಳು ಕರಿಬೇವಿಲ್ಲ. ಏನು ಹುಡುಕುತ್ತಿದ್ದಾರೆಂದು ನನಗೆ ಆಗ ಹೊಳೆಯಿತು. ಕೊನೆಗೆ ಬಾಗಿಲ ಬಳಿ ಇಟ್ಟಿದ್ದ ತಮ್ಮ ಕೈಚೀಲವನ್ನು ಎಳೆದು, ಜಿಪ್ಪು ತೆಗೆದು, ಬಟ್ಟೆಗಳ ನಡುವಿನಿಂದ ಒಂದು ಪ್ಲಾಸ್ಟಿಕ್ ಕಟ್ಟು ಹೊರತೆಗೆದರು. ಅದರ ತುಂಬ ಲೂಮಿ.

"ಊರಲ್ಲಿ ಸಿಕ್ಕುದಿಲ್ಲ ಅಂತ ತಗೊಂಡದ್ದು. ನಿಮ್ಮ ಉಡುಪಿ ಸಾರು ಅಲ್ಲಿಯೂ ಮಾಡ್ಬೇಕಲ್ಲ" ಎಂದು, ಮುಷ್ಟಿ ತುಂಬ ತೆಗೆದು ಬಿಸಲೆಗೆ ಹಾಕಿದರು. ಒಣ ಕಾಯಿಗಳು ಮಣ್ಣಿಗೆ ತಾಗಿ ಟೊಳ್ಳಾಗಿ ಸದ್ದು ಮಾಡಿದವು. ಬಿಸಲೆಯನ್ನು ನನ್ನ ಕೈಗಿಟ್ಟರು.

"ಇಕಾ. ಖಾಲಿ ಕೊಡ್ಲಿಲ್ಲ ನಾನು. ಇನ್ನು ಪಾಳಿ ನಿಂದು. ಊರಿಗೆ ಬರುವಾಗ ತಾ. ನೀನೂ ಖಾಲಿ ತರ್ಬೇಡ."

ನಾನು ಅವರಿಗೆ ಹೇಳಬೇಕೆಂದು ಎಷ್ಟೋ ಕೂಡಿಟ್ಟುಕೊಂಡಿದ್ದೆ. ಎಣ್ಣೆಯ ವಿಷಯ, ಗಂಜಿಯ ವಿಷಯ, ಕಹಿ ಸಾರಿನ ವಿಷಯ. ಲಿಫ್ಟು ಬಂತು, ಹಮೀದಾಕ ಕೆಳಗಿನಿಂದ ಕರೆದರು. ನಾನು ನನ್ನ ಅಮ್ಮನ ಮಗಳೇ ಸರಿ. "ವಿಮಾನದಲ್ಲಿ ಊಟ ಕೊಡ್ತಾರಲ್ವಾ?" ಎಂದು ಕೇಳಿದೆ.

ಬಿಸಲೆ ಈಗ ನನ್ನ ಕಟ್ಟೆಯ ಮೇಲಿದೆ. ಲೂಮಿಯನ್ನು ಇನ್ನೂ ತೆಗೆದಿಲ್ಲ, ಹಾಗಾಗಿ ಅದರಲ್ಲಿ ಅಡಿಗೆಯೂ ಆಗಿಲ್ಲ. ನಮ್ಮವರು ರಜೆ ಕೇಳಿದ್ದಾರೆ. ಡಿಸೆಂಬರಿನಲ್ಲಿ ಊರಿಗೆ ಹೋಗುವುದೆಂದು ಮಾತಾಗಿದೆ. ಬಿಸಲೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಏನು ತುಂಬಿಸಿ ಕೊಡಲಿ ಎಂದು ದಿನಾ ಯೋಚಿಸುತ್ತೇನೆ. ಖರ್ಜೂರ ಎಂದರು ನಮ್ಮವರು, ಚಾಕಲೇಟ್ ಎಂದಳು ಮಗಳು. ಕಪಾಟು ತೆರೆದು ನೋಡುತ್ತೇನೆ, ಎಲ್ಲ ತುಂಬಿದೆ. ಆ ಬಿಸಲೆ ತುಂಬುವಷ್ಟು ಮಾತ್ರ ನನ್ನ ಮನೆಯಲ್ಲಿ ಏನೂ ಇಲ್ಲ.